ಬ್ಲಾಕ್ ಅಳೆದೆ, ಡಿಸ್ಟ್ರಿಬ್ಯೂಟರ್ ಮರೆತೆ

ಗುರುವಾರ ರಾತ್ರಿ ಎಂಟೂವರೆ. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಡೆಲಿವರಿ. ಬಣ್ಣ, ಪಾಲಿಶ್ ಎಲ್ಲ ಮುಗಿದಿದ್ದ ಮಾಡೆಲ್ ಕಾರಿನ ಬಾಡಿಯನ್ನು ಚಾಸಿಯ ಮೇಲೆ ಇಳಿಸಿದೆವು. ಗ್ರಿಲ್ ನೆಟ್ಟಗೆ ನಿಲ್ಲದೆ ಮುಂದಕ್ಕೆ ವಾಲಿತು. ಜೊತೆಯ ಹುಡುಗ ಎರಡು ಸಲ ಒತ್ತಿ ನೋಡಿ, "ಅಣ್ಣಾ, ಬಾನೆಟ್ ಕುಂದ್ರವಲ್ದು" ಅಂದ. ಬಾನೆಟ್ಟಿನ ಹಿಂದಿನ ಅಂಚಿಗೂ ಬಾಡಿಗೂ ನಡುವೆ ಒಂದು ಮಿ.ಮೀ. ಮೀರಿದ ಸಂದು. 1/25 ಅಳತೆಯ ಕಾರಿನಲ್ಲಿ ಅದು ನಿಜವಾದ ಕಾರಿನ ಒಂದು ಇಂಚಿಗೆ ಸಮ. ಯಾರ ಕಣ್ಣಿಗಾದರೂ ಬೀಳುತ್ತದೆ.

ಬಳ್ಳಾರಿಯ ನಮ್ಮ ವರ್ಕ್‌ಶಾಪಿನಲ್ಲಿ ದಿನನಿತ್ಯದ ಕೆಲಸ ಸ್ಪಾಂಜ್ ಐರನ್ ಪ್ಲಾಂಟು, ಕ್ರಷರ್, ಕನ್ವೇಯರ್ ಮಾಡೆಲ್‌ಗಳು. ಅಕ್ರಿಲಿಕ್, ಸನ್‌ಬೋರ್ಡ್, 1:200 ಅಳತೆ. ಹಾಟ್ ರಾಡ್, ಅಂದರೆ ದೊಡ್ಡ ಎಂಜಿನ್ ಇಳಿಸಿ ರೂಪ ಬದಲಿಸಿದ ಹಳೆಯ ಕಾರು, ಅದರ ಮಾಡೆಲ್ಲಿನ ಆರ್ಡರ್ ಬಂದದ್ದು ಒಂದು ಟಿಂಕರಿಂಗ್-ಪೇಂಟಿಂಗ್ ಗ್ಯಾರೇಜಿನಿಂದ. ಅವರ ರಿಸೆಪ್ಷನ್ನಿಗೆ ಗಾಜಿನ ಪೆಟ್ಟಿಗೆಯಲ್ಲಿ ಇಡಲು 1932ರ ಫೋರ್ಡ್ ಕೂಪೆ (ಎರಡು ಬಾಗಿಲಿನ ಕಾರು) ಬೇಕಿತ್ತು. ಟಾಪ್ ಮೂರು ಇಂಚು ತಗ್ಗಿಸಬೇಕು, ಮಡ್‌ಗಾರ್ಡ್ ಬೇಡ, ಒಳಗೆ ಷೆವರ್ಲೆಯ ಎಂಟು ಸಿಲಿಂಡರಿನ ವಿ8 ಎಂಜಿನ್. ನಮ್ಮ ಓನರ್, ಟೇಬಲ್ಲಿನಲ್ಲಿ ಕೆಲಸ ಮಾಡುವ ನಮ್ಮನ್ನು ಕೇಳದೆ ಇಪ್ಪತ್ತೈದು ದಿನಕ್ಕೆ ಒಪ್ಪಿಕೊಂಡರು. ಜೋಡಿಸುವ ಪ್ಲಾಸ್ಟಿಕ್ ಭಾಗಗಳ ಕಿಟ್‌ಗಳನ್ನೂ ಆಫೀಸಿನವರೇ ತರಿಸಿದರು. ಬಾಡಿ ಮತ್ತು ಚಾಸಿಗೆ 1/25ರ ಕಿಟ್, ಎಂಜಿನ್ ಮತ್ತು ಹಿಂದಿನ ಚಕ್ರಗಳಿಗೆ 1/24ರ ಕಿಟ್. "ಇಪ್ಪತ್ನಾಲ್ಕು, ಇಪ್ಪತ್ತೈದು ಅಂದ್ರ ಹತ್ರತ್ರ ಒಂದೇ ಅಲ್ಲೇನ್ರಿ?" ಅಂದರು. ನಾನೂ ತಲೆಯಾಡಿಸಿದೆ. ತಪ್ಪು ಶುರುವಾದದ್ದು ಅಲ್ಲೇ.

ಈ ಎರಡು ಅಳತೆಗಳ ನಡುವಿನ ವ್ಯತ್ಯಾಸ ಶೇ. 4ಕ್ಕೆ ಸ್ವಲ್ಪ ಮೇಲೆ. 1932ರ ಫೋರ್ಡಿನ ವೀಲ್‌ಬೇಸ್, ಅಂದರೆ ಮುಂದಿನ ಚಕ್ರದ ನಡುವಿನಿಂದ ಹಿಂದಿನದರ ನಡುವಿಗೆ, 106 ಇಂಚು. 1/25ರಲ್ಲಿ ಅದು 107.7 ಮಿ.ಮೀ., 1/24ರಲ್ಲಿ 112.2. ಅಂದರೆ ಒಂದರ ಬಾಡಿ ಇನ್ನೊಂದರ ಚಾಸಿಗೆ ಕೂರುವ ಮಾತೇ ಇಲ್ಲ. ಆದರೆ ಟೈರು, ಸೀಟು, ಹೆಡ್‌ಲೈಟುಗಳನ್ನು ಧೈರ್ಯವಾಗಿ ಬೆರೆಸಬಹುದು. ನಿಜವಾದ ಗಾಡಿಯಲ್ಲೂ ಅವು ಹತ್ತು ಸೈಜಿನಲ್ಲಿ ಬರುತ್ತವೆ. ಹಾಟ್ ರಾಡಿಗೆ ಮುಂದೆ ಸಣ್ಣ ಚಕ್ರ, ಹಿಂದೆ ದೊಡ್ಡದು ಬೇಕೇ ಬೇಕು. ಮುಂದೆ 26.5 ಮಿ.ಮೀ., ಹಿಂದೆ 30.5 ಹಾಕಿದರೆ ಮೂತಿ ನೆಲದ ಕಡೆ ಬಾಗಿದ ಆ ನಿಲುವು ತಾನಾಗಿ ಬರುತ್ತದೆ. ಹಾಗಾಗಿ 1/24ರ ಹಿಂದಿನ ಚಕ್ರಗಳಿಂದ ಒಳ್ಳೆಯದೇ ಆಯಿತು. ಎಂಜಿನ್ ಮಾತ್ರ ಹಾಗಲ್ಲ.

ಎಂಜಿನ್ ಒಂದು ಸಾಲಿನಲ್ಲಿ ಕೂರುತ್ತದೆ. ಫೈರ್‌ವಾಲ್ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆ), ಡಿಸ್ಟ್ರಿಬ್ಯೂಟರ್ (ಪ್ರತಿ ಪ್ಲಗ್ಗಿಗೆ ಸರದಿಯಲ್ಲಿ ಕಿಡಿ ಹಂಚುವ ಭಾಗ), ಬ್ಲಾಕ್ (ಎಂಜಿನ್ನಿನ ಮುಖ್ಯ ಒಡಲು), ವಾಟರ್ ಪಂಪ್, ಫ್ಯಾನ್, ರೇಡಿಯೇಟರ್, ಗ್ರಿಲ್. ಒಂದರ ಹೆಚ್ಚಳ ಮುಂದಿನದಕ್ಕೆ ಸೇರುತ್ತ ಹೋಗುತ್ತದೆ. ಪ್ಲಾಂಟ್ ಮಾಡೆಲ್ಲಿನಲ್ಲಿ ಕಿಲ್ನ್ (ಕುಲುಮೆ) ಎರಡು ಮಿ.ಮೀ. ಉದ್ದವಾದರೆ ಪಕ್ಕದ ಚಿಮಣಿಗೆ ಏನೂ ಆಗುವುದಿಲ್ಲ, ಖಾಲಿ ಜಾಗ ಅದನ್ನು ನುಂಗಿಕೊಳ್ಳುತ್ತದೆ. ಆ ರೂಢಿಯಲ್ಲೇ ನಾನು ವರ್ನಿಯರ್ ಹಿಡಿದು ಬ್ಲಾಕ್ ಒಂದನ್ನೇ ಅಳೆದೆ. 22 ಮಿ.ಮೀ. ಬಂತು. ಫೈರ್‌ವಾಲಿನಿಂದ ರೇಡಿಯೇಟರ್ ಬೆನ್ನಿಗೆ 29. ಏಳು ಮಿ.ಮೀ. ಜಾಗವಿದೆ ಎಂದು ಎಂಜಿನ್ ಮೌಂಟುಗಳನ್ನು ಚಾಸಿಗೆ ಅಂಟಿಸಿಬಿಟ್ಟೆ. ಫ್ಯಾನ್‌ನಿಂದ ಡಿಸ್ಟ್ರಿಬ್ಯೂಟರ್ ಟೋಪಿಯವರೆಗೆ ಅಳೆದಿದ್ದರೆ 29.6 ಬರುತ್ತಿತ್ತು. ಅದೇ ಎಂಜಿನ್ 1/25ರದ್ದಾಗಿದ್ದರೆ 28.4, ಹೇಗೋ ಕೂರುತ್ತಿತ್ತು.

ಇದರ ಹಿಂದೆ ನಿಜವಾದ ಕಾರಿನ ಕಾರಣವೂ ಇದೆ. 1932ರಲ್ಲಿ ಫೋರ್ಡ್ ತಂದ ಫ್ಲ್ಯಾಟ್‌ಹೆಡ್ ವಿ8, 221 ಘನ ಇಂಚು, 65 ಅಶ್ವಶಕ್ತಿ. ಅದರ ಡಿಸ್ಟ್ರಿಬ್ಯೂಟರ್ ಮುಂದಿನ ಮುಖದಲ್ಲಿತ್ತು. ಹಿಂದೆ ಫೈರ್‌ವಾಲಿಗೆ ತಾಗುವಂಥದ್ದೇನೂ ಇರಲಿಲ್ಲ. 1955ರಲ್ಲಿ ಬಂದ ಷೆವರ್ಲೆ ಸ್ಮಾಲ್ ಬ್ಲಾಕಿನಲ್ಲಿ ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಹಿಂಬದಿಯಲ್ಲಿ ನೆಟ್ಟಗೆ ನಿಂತಿರುತ್ತದೆ. ಹಳೆಯ ಫೋರ್ಡಿಗೆ ಈ ಎಂಜಿನ್ ಇಳಿಸುವವರು ಫೈರ್‌ವಾಲ್ ಕತ್ತರಿಸಿ ಒಳಕ್ಕೆ ತಗ್ಗು ಮಾಡುವುದು ಅದಕ್ಕೇ. ಅಮೆರಿಕದ ಗ್ಯಾರೇಜುಗಳಲ್ಲಿ ಎದುರಾದ ತೊಡಕೇ ಪುಟ್ಟದಾಗಿ ನಮ್ಮ ಟೇಬಲ್ ಮೇಲೆ ಬಂದಿತ್ತು. ಗೊತ್ತಿದ್ದ ಸಂಗತಿಯೇ. ಅಳೆಯುವಾಗ ನೆನಪಾಗಲಿಲ್ಲ.

ಟಾಪ್ ಕತ್ತರಿಸುವಾಗ ನಾನು ಇಷ್ಟು ಅಜಾಗರೂಕನಾಗಿರಲಿಲ್ಲ. ಮೂರು ಇಂಚು ಅಂದರೆ 1/25ರಲ್ಲಿ 3 ಮಿ.ಮೀ. ಅಷ್ಟೇ ಅಗಲದ ಮಾಸ್ಕಿಂಗ್ ಟೇಪನ್ನು ಟಾಪ್ ಹೊತ್ತಿರುವ ಎಲ್ಲ ಪಿಲ್ಲರ್‌ಗಳ ಸುತ್ತ ಒಂದೇ ಎತ್ತರದಲ್ಲಿ ಸುತ್ತಿ, ಟೇಪಿನ ಅಂಚಿನ ಒಳಗೇ ಗರಗಸ ಆಡಿಸಬೇಕು. ಗರಗಸದ ಬಾಯಿ ಕಾಲು ಮಿ.ಮೀ. ತಿನ್ನುತ್ತದೆ, ಹೊರಗೆ ಹೋದರೆ ಎರಡೂ ಕಡೆ ಸೇರಿ ಅರ್ಧ ಮಿ.ಮೀ. ಹೆಚ್ಚು ಹೋಗುತ್ತದೆ. ಮುಂದಿನ ಪಿಲ್ಲರ್ ಹಿಂದಕ್ಕೆ, ಹಿಂದಿನದು ಮುಂದಕ್ಕೆ ವಾಲಿರುವುದರಿಂದ ಟಾಪ್ ಕೆಳಗಿಳಿದಾಗ ತುದಿಗೆ ತುದಿ ಕೂಡುವುದಿಲ್ಲ. 3 ಮಿ.ಮೀ. ತೆಗೆದರೆ ಪ್ರತಿ ಹತ್ತು ಡಿಗ್ರಿ ವಾಲಿಗೆ ಸುಮಾರು ಅರ್ಧ ಮಿ.ಮೀ. ಪಲ್ಲಟ. ಟಾಪನ್ನು ಅಡ್ಡಲಾಗಿ ಎರಡು ತುಂಡು ಮಾಡಿ, ನಡುವೆ ಸ್ಟೈರೀನ್ ಪ್ಲಾಸ್ಟಿಕ್ಕಿನ ಪಟ್ಟಿ ಸೇರಿಸಿ ಉದ್ದ ಮಾಡಬೇಕು. ಪಿಲ್ಲರನ್ನು ಬಗ್ಗಿಸಿ ಕೂಡಿಸಬಾರದು, ಬೇಸಿಗೆಯಲ್ಲಿ ಒಂದಲ್ಲ ಒಂದು ದಿನ ಬಿರುಕು ಬಿಡುತ್ತದೆ. ಪುಟ್ಟಿ ತೆಳುವಾಗಿ ಎರಡು ಸಲ, ಪ್ರತಿ ಸಲ ಒಂದು ಪೂರ್ತಿ ದಿನ ಒಣಗಲು ಬಿಡಬೇಕು. ಒಂದೇ ಸಲ ದಪ್ಪ ಮೆತ್ತಿದರೆ ಬಣ್ಣ ಹೊಡೆದ ಮೇಲೆ ಇಂಗಿ ಗೆರೆ ಕಾಣುತ್ತದೆ.

ಬಣ್ಣದಲ್ಲೂ ನಮ್ಮ ಊರಿನ ಲೆಕ್ಕ ಬೇರೆ. ಮೇ ತಿಂಗಳ ಮಧ್ಯಾಹ್ನ ಏರ್‌ಬ್ರಷ್ ಹಿಡಿದರೆ ಬಣ್ಣ ಬಾಡಿಗೆ ತಲುಪುವ ಮೊದಲೇ ಗಾಳಿಯಲ್ಲಿ ಒಣಗಿ ಪುಡಿಪುಡಿಯಾಗಿ ಕೂರುತ್ತದೆ, ಮುಟ್ಟಿದರೆ ಮರಳು ಕಾಗದ. ಬೆಳಿಗ್ಗೆ ಏಳರೊಳಗೆ ಹೊಡೆಯಬೇಕು, ಜೊತೆಗೆ ನಿಧಾನ ಆರುವ ಥಿನ್ನರ್. 0.3 ಮಿ.ಮೀ. ನಾಝಲ್, 18 ಪಿಎಸ್‌ಐ ಗಾಳಿಯ ಒತ್ತಡ, ಹತ್ತು ಸೆಂ.ಮೀ. ದೂರ. ಗ್ಯಾರೇಜಿನವರು ತಮ್ಮದೇ ಎನ್‌ಸಿ (ನೈಟ್ರೋಸೆಲ್ಯುಲೋಸ್) ಕೆಂಪು ಬಣ್ಣ ಕೊಟ್ಟಿದ್ದರು. ಅದರ ಥಿನ್ನರ್ ಬರಿ ಪ್ಲಾಸ್ಟಿಕ್ಕಿಗೆ ಬಿದ್ದರೆ ಮೇಲ್ಮೈ ಕೆರೆಯ ಕೆಸರಿನಂತೆ ಸೀಳುತ್ತದೆ. ಮೊದಲು ಮಾಡೆಲ್ ಪ್ರೈಮರ್ ಮೂರು ತೆಳು ಪದರ, ಅದರ ಮೇಲೆ ಬಣ್ಣ ಮಂಜಿನಂತೆ. ಕಿಟ್ಟಿನ ಭಾಗಗಳನ್ನು ಹಿಡಿದಿರುವ ಬಿಸಾಡುವ ಫ್ರೇಮಿನ ತುಂಡಿನ ಮೇಲೆ ಪರೀಕ್ಷೆ ಮಾಡದೆ ಬಾಡಿಗೆ ಹೊಡೆಯಲೇಬಾರದು.

ಮತ್ತೆ ಆ ರಾತ್ರಿಗೆ. ಎರಡು ದಾರಿ ಇದ್ದವು. ಫ್ಯಾನ್ ಕಿತ್ತು ರೇಡಿಯೇಟರ್ ಮುಂದೆ ಎಲೆಕ್ಟ್ರಿಕ್ ಫ್ಯಾನ್ ಇದೆ ಎಂದು ತೋರಿಸಿದರೆ ಜಾಗ ಸಿಗುತ್ತಿತ್ತು. ಅದು ಕಳ್ಳದಾರಿಯಲ್ಲ, ನಿಜವಾದ ಗಾಡಿಗಳಲ್ಲೂ ಮಾಡುತ್ತಾರೆ. ಆದರೆ ಗಿರಾಕಿ ಕೊಟ್ಟ ಫೋಟೋದಲ್ಲಿ ಬೆಲ್ಟ್ ಫ್ಯಾನ್ ಎದ್ದು ಕಾಣುತ್ತಿತ್ತು. ಉಳಿದದ್ದು ಫೈರ್‌ವಾಲ್ ಕತ್ತರಿಸುವುದು. ಪಾಲಿಶ್ ಆದ ಬಾಡಿ, ಸ್ಪೇರ್ ಇಲ್ಲ. ಹನ್ನೆರಡು ಸಾವಿರಕ್ಕೂ ಹೆಚ್ಚಿನ ಕೆಲಸಕ್ಕೆ ಎರಡನೇ ಬಾಡಿ ತರಿಸಲು ಆಫೀಸಿನವರು ಮನಸ್ಸು ಮಾಡಿರಲಿಲ್ಲ. ಇದನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ.

ಡಿಸ್ಟ್ರಿಬ್ಯೂಟರ್ ಟೋಪಿಗೆ ಮಾರ್ಕರ್ ಇಂಕು ಮುಟ್ಟಿಸಿ ಬಾಡಿಯನ್ನು ಮೆಲ್ಲಗೆ ಇಳಿಸಿದೆವು. ಫೈರ್‌ವಾಲ್ ಮೇಲೆ ಸಾಸಿವೆಕಾಳಿನಷ್ಟು ಕಪ್ಪು ಚುಕ್ಕೆ ಬಿತ್ತು. ಅದನ್ನು ನಡುವೆ ಇಟ್ಟುಕೊಂಡು 9ಕ್ಕೆ 7 ಮಿ.ಮೀ. ಚೌಕ. ಸುತ್ತ ಮಾಸ್ಕಿಂಗ್ ಟೇಪ್ ಎರಡು ಪದರ. ಮೋಟಾರ್ ಡ್ರಿಲ್ ಬಳಸಿದರೆ ಬಿಸಿಗೆ ಪ್ಲಾಸ್ಟಿಕ್ ಕರಗಿ ಅಂಚಿನ ಬಣ್ಣ ಉಬ್ಬುತ್ತದೆ, ಹಾಗಾಗಿ ಕೈ ಡ್ರಿಲ್, 0.8 ಬಿಟ್. ಮೊದಲ ತೂತಿಗೆ ಬಿಟ್ ಪಾಲಿಶ್ ಮೇಲೆ ಜಾರಿ ಟೇಪಿನ ಅಂಚಿಗೆ ಬಂದು ನಿಂತಿತು. ಹುಡುಗ ಉಸಿರು ಬಿಗಿಹಿಡಿದಿದ್ದ, ನನ್ನ ಬೆರಳು ಬೆವತಿದ್ದವು. ಆಮೇಲೆ ಸೂಜಿಯಿಂದ ಕುಳಿ ಮಾಡಿಕೊಂಡೇ ಒಂದೊಂದು ತೂತು ಹಾಕಿದೆ. ಇಪ್ಪತ್ತೆಂಟು ತೂತು. ಕಟ್ಟರ್ ತುದಿಯಿಂದ ನಡುವಿನ ಗೋಡೆ ಕತ್ತರಿಸಿ, ತುಂಡು ಒಳಕ್ಕೆ ಬಿದ್ದಾಗ ಒಂದು ಮೂಲೆಯಲ್ಲಿ ಎರಡು ಮಿ.ಮೀ. ಬಣ್ಣ ಎದ್ದಿತ್ತು. ಬಾನೆಟ್ ಅಡಿಗೆ ಹೋಗುವ ಮೂಲೆ. ಬ್ರಷ್‌ನಿಂದ ತುಂಬಿದೆ.

0.5 ಮಿ.ಮೀ. ಸ್ಟೈರೀನ್ ಹಾಳೆಯಲ್ಲಿ 2.5 ಮಿ.ಮೀ. ಆಳದ ಪೆಟ್ಟಿಗೆ ಮಾಡಿ, ಸುತ್ತ ಒಂದು ಮಿ.ಮೀ. ಅಂಚು ಬಿಟ್ಟು ಒಳಗಿನಿಂದ ಕೂರಿಸಿದೆವು. ಪ್ಲಾಸ್ಟಿಕ್ ಅಂಟಿಸುವ ತೆಳು ಸಿಮೆಂಟ್ ಸಂದಿನಲ್ಲಿ ಹರಿದು ಹೊರಗಿನ ಬಣ್ಣ ತಿನ್ನುತ್ತದೆ, ಆದ್ದರಿಂದ ಬ್ರಷ್ ತುದಿಯನ್ನು ಒರೆಸಿಕೊಂಡೇ ಮುಟ್ಟಿಸಬೇಕು. ಒಳಗೆ ಡ್ಯಾಶ್‌ಬೋರ್ಡ್ ಹಿಂದಿನ, ಸೀಟುಗಳು ಕೂರುವ ಪ್ಲಾಸ್ಟಿಕ್ ತೊಟ್ಟಿಯ ಅಂಚು ಪೆಟ್ಟಿಗೆಗೆ ತಾಗುತ್ತಿತ್ತು, ಅದನ್ನೂ ಎರಡು ಮಿ.ಮೀ. ಉಜ್ಜಿದೆವು. ಮ್ಯಾಟ್ ಕಪ್ಪು ಬಳಿದು ಬಾಡಿ ಇಳಿಸಿದಾಗ ಗ್ರಿಲ್ ನೆಟ್ಟಗೆ ನಿಂತಿತು, ಬಾನೆಟ್ ಕೂತಿತು. ಗಂಟೆ ಹತ್ತೂಕಾಲು.

ಈಗ ಮಿಶ್ರ ಕಿಟ್ ಬಂದರೆ ಗೋಂದಿನ ಬಾಟಲಿ ಮುಚ್ಚಳ ತೆಗೆಯುವ ಮೊದಲು ಫೈರ್‌ವಾಲಿನಿಂದ ಗ್ರಿಲ್‌ವರೆಗೆ ಎಲ್ಲವನ್ನೂ ಟೇಪಿನಲ್ಲಿ ಜೋಡಿಸುತ್ತೇವೆ. ಫ್ಯಾನ್, ಬೆಲ್ಟ್ ಪುಲ್ಲಿ, ಡಿಸ್ಟ್ರಿಬ್ಯೂಟರ್ ಎಲ್ಲ ಹಾಕಿಯೇ. ಬಣ್ಣದ ದಪ್ಪಕ್ಕೆ 0.2 ಮಿ.ಮೀ., ಫ್ಯಾನಿಗೆ 0.5 ಬಿಡುತ್ತೇವೆ. ಪೆಟ್ಟಿಗೆಯ ಮೇಲಿನ ಅಳತೆಯನ್ನು ನಂಬದೆ ವೀಲ್‌ಬೇಸ್ ಅಳೆದು ನಾವೇ ಲೆಕ್ಕ ಹಾಕುತ್ತೇವೆ. ಕ್ರೋಮ್ ಭಾಗಗಳಲ್ಲಿ ಅಂಟು ಹಾಕುವ ಜಾಗದ ಕ್ರೋಮನ್ನು ಬ್ಲೇಡಿನಿಂದ ಹೆರೆದು ತೆಗೆಯುತ್ತೇವೆ, ಇಲ್ಲದಿದ್ದರೆ ಸಿಮೆಂಟ್ ಪ್ಲಾಸ್ಟಿಕ್ಕನ್ನೇ ಮುಟ್ಟುವುದಿಲ್ಲ. ಕಿಟಕಿ ಹಾಳೆಗೆ ಸೂಪರ್ ಗ್ಲೂ ಬೇಡ, ಅದರ ಆವಿಗೆ ಹಾಳೆ ಬೆಳ್ಳಗೆ ಮಂಜಾಗುತ್ತದೆ. ಫೆವಿಕಾಲ್ ಸಾಕು, ಒಣಗಿದರೆ ಕಾಣುವುದಿಲ್ಲ.

ಪ್ಲಗ್ ವೈರಿಗೆ ರಿವೈಂಡಿಂಗ್ ಅಂಗಡಿಯಲ್ಲಿ ಸಿಗುವ 30 ಗೇಜ್ ಎನಾಮೆಲ್ ತಂತಿ ತಂದೆವು. 0.315 ಮಿ.ಮೀ. ದಪ್ಪ, ನಿಜವಾದ ಎಂಟು ಮಿ.ಮೀ. ವೈರಿಗೆ 1/25ರಲ್ಲಿ ಸರಿಯಾಗಿ ಹೊಂದುತ್ತದೆ. ಒಟ್ಟು ಒಂಬತ್ತು ತುಂಡು, ಎಂಟು ಪ್ಲಗ್ಗಿಗೆ, ಒಂದು ಕಾಯಿಲಿಗೆ. ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ, ಅಂದರೆ ಫೈರಿಂಗ್ ಆರ್ಡರ್ 1-8-4-3-6-5-7-2 ನೋಡಿಕೊಂಡೇ ಸುತ್ತಿದ್ದೆವು. ಶುಕ್ರವಾರ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಕನ್ನಡಕ ಏರಿಸಿ ಬಾನೆಟ್ ಎತ್ತಿ ಮೊದಲು ನೋಡಿದ್ದು ಆ ವೈರುಗಳನ್ನು. ಬೆರಳಿಟ್ಟು ಒಂದೊಂದನ್ನೇ ಎಣಿಸಿದರು. ಆಮೇಲೆ ಡಿಸ್ಟ್ರಿಬ್ಯೂಟರ್ ಹಿಂದಿನ ತಗ್ಗನ್ನು ನೋಡಿ, "ಇಲ್ಲಿ ತಗ್ಗು ಮಾಡೀರಿ, ಛಲೋ ಆತು. ಇಲ್ಲಾಂದ್ರ ಟೋಪಿ ತೆಗ್ಯಾಕ ಬರ್ತಿರ್ಲಿಲ್ಲ" ಅಂದರು.