ಹೋಲ್ಡಿಂಗ್‌ನಲ್ಲಿ ಲೆಕ್ಕಕ್ಕೆ ಬರೋದು ವಾಪಸ್ ಬರೋ ದಾರಿ

ದೆಹಲಿಯಿಂದ ವಿಮಾನದಲ್ಲಿ ಬಂದು, ಬೆಂಗಳೂರಿಂದ ಬಸ್ ಹಿಡಿದು ದಾವಣಗೆರೆ ಸೇರಿದ ನೆಂಟರ ಬಾಯಲ್ಲಿ ಒಂದು ಮಾತು ಬಂದೇ ಬರುತ್ತೆ: "ಇಳಿಸೋ ಮುಂಚೆ ಮೇಲೇ ಸುಮ್ನೆ ಸುತ್ತು ಹೊಡೆಸಿದ್ರು." ಅದು ಸುಮ್ನೆ ಅಲ್ಲ. ಆ ಹೊತ್ತಲ್ಲಿ ಪೈಲಟ್‌ಗೆ ಕೈತುಂಬ ಕೆಲಸ.

ನಾನು ಅಮೆರಿಕದಲ್ಲಿ ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದ್ರೆ ಹೊರಗೇನೂ ಕಾಣದಿದ್ದರೂ ಉಪಕರಣಗಳನ್ನೇ ನೋಡಿಕೊಂಡು ವಿಮಾನ ಹಾರಿಸೋದನ್ನ, ಕಲಿಯುತ್ತಿದ್ದೇನೆ. ಸದ್ಯ ರಜೆಗೆ ಊರಿಗೆ ಬಂದಿದ್ದೇನೆ. ಇಷ್ಟು ದಿನ ಕಲಿತದ್ದರಲ್ಲಿ ನನಗೆ ತುಂಬಾ ಹಿಡಿಸಿದ್ದು ಹೋಲ್ಡಿಂಗ್, ಅಂದ್ರೆ ಸರದಿ ಬರೋವರೆಗೆ ಆಕಾಶದಲ್ಲೇ ಒಂದು ಕಡೆ ಸುತ್ತು ಹೊಡೀತಾ ಕಾಯೋದು.

ಮೋಡದೊಳಗೆ ಹೊರಗೇನೂ ಕಾಣಲ್ಲ. ವಾಯು ಸಂಚಾರ ನಿಯಂತ್ರಕರು ಒಂದು ಫಿಕ್ಸ್, ಅಂದ್ರೆ ಗುರುತಿನ ಬಿಂದು, ಕೊಡ್ತಾರೆ. ಅದು ನೆಲದ ಮೇಲಿನ ವಿಒಆರ್ ಅನ್ನೋ ರೇಡಿಯೋ ಕೇಂದ್ರ ಇರಬಹುದು, ಬರೀ ಜಿಪಿಎಸ್ ಬಿಂದು ಇರಬಹುದು. ಫಿಕ್ಸ್ ದಾಟಿದ ಕೂಡಲೇ ಬಲಕ್ಕೆ ತಿರುಗಬೇಕು, ಸೆಕೆಂಡಿಗೆ 3 ಡಿಗ್ರಿ. ಅರ್ಧ ಸುತ್ತಿಗೆ 1 ನಿಮಿಷ. ಆಮೇಲೆ ಔಟ್‌ಬೌಂಡ್, ನೇರ ಹೊರಗೆ. ಮತ್ತೆ ಬಲಕ್ಕೆ ತಿರುಗಿ ಇನ್‌ಬೌಂಡ್, ಫಿಕ್ಸ್ ಕಡೆಗೆ. ಅಮೆರಿಕದ ನಿಯಮದ ಪ್ರಕಾರ 14,000 ಅಡಿವರೆಗೆ ಇನ್‌ಬೌಂಡ್ 1 ನಿಮಿಷ ಇರಬೇಕು, ಅದಕ್ಕಿಂತ ಮೇಲೆ ಒಂದೂವರೆ. ಗಾಳಿ ಇಲ್ಲದಿದ್ದರೆ ಪೂರ್ತಿ ಸುತ್ತಿಗೆ 4 ನಿಮಿಷ.

ಆದರೆ ಗಾಳಿ ಇದ್ದೇ ಇರುತ್ತೆ ಅಲ್ವಾ? ವಿದ್ಯಾನಗರದ ನಮ್ಮ ಮನೆ ತಾರಸಿ ಮೇಲೆ ಸ್ಟೂಲನ್ನೇ ಫಿಕ್ಸ್ ಮಾಡಿಕೊಂಡು, ಸೀಮೆಸುಣ್ಣದಲ್ಲಿ ಗೆರೆ ಎಳೆದು ನಡೆದು ಅಭ್ಯಾಸ ಮಾಡ್ತೀನಿ. ದೊಡ್ಡಪ್ಪ ಮೊಬೈಲಲ್ಲಿ ಸೆಕೆಂಡ್ ನೋಡ್ತಾರೆ. ಈಗ ಆಷಾಢ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗಿಸೋ ಅದೇ ಪಡುವಣ ಗಾಳಿ ಇಲ್ಲೂ ಒಗೆದ ಬಟ್ಟೆ ಹಾರಿಸ್ತಿದೆ. "ಅಲ್ಲಮ್ಮಾ, ಈ ಗಾಳಿಗೆ ಎರಡು ಕಡೆನೂ ಒಂದೊಂದು ನಿಮಿಷ ಹೆಂಗಾಗುತ್ತೆ?" ಅಂದ್ರು. ಸರಿಯಾದ ಪ್ರಶ್ನೆ!

ಅಲ್ಲೇ ಕೂತು ಲೆಕ್ಕ ಹಾಕಿದೆವು. ನಮ್ಮ ಸಣ್ಣ ವಿಮಾನದ ವೇಗ 100 ನಾಟ್, ಅಂದ್ರೆ ಗಂಟೆಗೆ ಸುಮಾರು 185 ಕಿ.ಮೀ. ಇನ್‌ಬೌಂಡ್ ಪಡುವಣಕ್ಕೆ, ಎದುರುಗಾಳಿ 15 ನಾಟ್. ಹೋಗುವಾಗ ನೆಲದ ಲೆಕ್ಕದಲ್ಲಿ 115, ಬರುವಾಗ 85. ಜೊತೆಗೆ ಎರಡು ತಿರುವಲ್ಲೂ ಗಾಳಿ ನಮ್ಮನ್ನ ಫಿಕ್ಸಿಂದ ದೂರ ತಳ್ಳುತ್ತೆ. ಹೊರಗೆ 1 ನಿಮಿಷ ಹೋದರೆ ವಾಪಸ್ ಬರೋಕೆ ಸುಮಾರು 1 ನಿಮಿಷ 40 ಸೆಕೆಂಡ್ ಬೇಕು. ಇನ್‌ಬೌಂಡ್ 1 ನಿಮಿಷ ಆಗಬೇಕಾದ್ರೆ ಔಟ್‌ಬೌಂಡ್ ಅರ್ಧ ನಿಮಿಷಕ್ಕೇ ಮುಗಿಸಿ ತಿರುಗಬೇಕು. ದೊಡ್ಡಪ್ಪ ಎರಡೆರಡು ಸಲ ಲೆಕ್ಕ ಮಾಡಿ ನೋಡಿದ್ರು.

ಗಾಳಿ ಪಕ್ಕದಿಂದ ಬೀಸಿದರೆ ಇನ್ನೂ ಚೆಂದ. ಇನ್‌ಬೌಂಡ್‌ನಲ್ಲಿ ಮೂತಿ 5 ಡಿಗ್ರಿ ಗಾಳಿ ಕಡೆ ತಿರುಗಿಸಿದ್ದರೆ, ಔಟ್‌ಬೌಂಡ್‌ನಲ್ಲಿ 15. ಮೂರು ಪಟ್ಟು ಯಾಕಂದ್ರೆ, ತಿರುವುಗಳಲ್ಲಿ ಗಾಳಿಗೆ ತಕ್ಕಂತೆ ಸರಿಮಾಡೋಕೆ ಆಗಲ್ಲ. ಆ ಬಾಕಿಯನ್ನೂ ಔಟ್‌ಬೌಂಡ್‌ನಲ್ಲೇ ತೀರಿಸಬೇಕು. ಹೋಲ್ಡಿಂಗ್ ಒಳಗೆ ಹೇಗೆ ಸೇರೋದು ಅನ್ನೋದರ ಬಗ್ಗೆ ವಿದ್ಯಾರ್ಥಿಗಳು ಜಾಸ್ತಿ ತಲೆ ಕೆಡಿಸಿಕೊಳ್ತಾರೆ. ನನ್ನ ಪ್ರಕಾರ ನಿಜವಾದ ಹಾರಾಟ ಇರೋದು ಈ ಗಾಳಿ ಲೆಕ್ಕದಲ್ಲಿ.

ಇಷ್ಟರ ನಡುವೆ ಇಂಧನ ಖಾಲಿಯಾಗ್ತಾನೇ ಇರುತ್ತೆ. 1990ರ ಜನವರಿ 25ರಂದು ನ್ಯೂಯಾರ್ಕ್‌ಗೆ ಹೊರಟಿದ್ದ ಏವಿಯಾಂಕಾ 52 ವಿಮಾನ ಒಂದು ಗಂಟೆಗೂ ಮೀರಿ ಹೋಲ್ಡಿಂಗ್‌ನಲ್ಲಿತ್ತು. ಪೈಲಟ್‌ಗಳು ಇಂಧನ ಕಮ್ಮಿ ಅಂದರು, ಆದರೆ ತುರ್ತುಪರಿಸ್ಥಿತಿ ಅಂತ ಘೋಷಿಸಲಿಲ್ಲ. ಇಂಧನ ಮುಗಿದು ವಿಮಾನ ಬಿತ್ತು. 73 ಜನ ಸತ್ತರು. ಅದಕ್ಕೇ ಹೋಲ್ಡ್ ಮಾಡಿ ಅಂದ ಕೂಡಲೇ ಮುಂದಿನ ಅನುಮತಿ ಎಷ್ಟು ಗಂಟೆಗೆ ಅಂತ ಕೇಳಿ ಬರ್ಕೊತೀನಿ. ಅದರ ಪಕ್ಕದಲ್ಲೇ, ಇಂಧನ ಎಷ್ಟಕ್ಕೆ ಇಳಿದರೆ ಬೇರೆ ವಿಮಾನ ನಿಲ್ದಾಣಕ್ಕೆ ಹೊರಡಬೇಕು ಅನ್ನೋದನ್ನೂ ಬರ್ಕೊತೀನಿ.