ಲೆಕ್ಕ ಬರೆಯೋಕೆ ಬೈಕ್ ಯಾಕೆ?

ಹುಬ್ಬಳ್ಳಿಯ ಗೋಕುಲ ರೋಡಿನ ಒಂದು ಫ್ಯಾಕ್ಟರಿ ಗೇಟಿಗೆ ಬೋರ್ಡ್ ಹಾಕಿದ್ದಾರೆ: ಅಕೌಂಟ್ಸ್ ಸಹಾಯಕರು ಬೇಕು, ಸ್ವಂತ ಬೈಕ್ ಕಡ್ಡಾಯ. ದಿನವಿಡೀ ಕುರ್ಚಿ ಮೇಲೆ ಕೂತು ಮಾಡೋ ಕೆಲಸ! ಟೈಮಿಗೆ ಬನ್ನಿ ಅಂದಿದ್ರೆ ಸಾಕಿತ್ತು. ಹೆಂಗಸರು ಬೇಡ ಅಂತೇನೂ ಬರೆದಿಲ್ಲ, ಬಹುಶಃ ಹಾಗೆ ಯೋಚಿಸಿಯೂ ಇಲ್ಲ, ಆದರೆ ಧಾರವಾಡದಿಂದ ಚಿಗರಿ ಬಸ್ಸಲ್ಲಿ ಬರೋ ಹುಡುಗಿಯರು ಅರ್ಜಿ ಹಾಕೋ ಮೊದಲೇ ಹೊರಗೆ, ಅಲ್ವಾ?

1971ರ ಗ್ರಿಗ್ಸ್ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಡ್ಯೂಕ್ ಪವರ್ ಕಂಪನಿಗೆ ಕೇಳಿದ್ದೂ ಇದನ್ನೇ. ಹೈಸ್ಕೂಲ್ ಪಾಸಾಗಿರಬೇಕು ಅನ್ನೋ ಷರತ್ತಿಗೂ ಕೆಲಸಕ್ಕೂ ಏನು ಸಂಬಂಧ? ಅದರಿಂದ ಹೊರಬಿದ್ದವರಲ್ಲಿ ಕಪ್ಪು ಜನರೇ ಜಾಸ್ತಿ. ಕೆಟ್ಟ ಉದ್ದೇಶ ಇರಲಿಲ್ಲ ಅನ್ನೋ ಮಾತು ನಡೆಯಲಿಲ್ಲ.

ನಮ್ಮಲ್ಲೂ 2021ರಲ್ಲಿ ಸೇನೆಯ ಮಹಿಳಾ ಅಧಿಕಾರಿಗಳ ನಿತೀಶಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಪರೋಕ್ಷ ತಾರತಮ್ಯವನ್ನು, ಅಂದ್ರೆ ಎಲ್ಲರಿಗೂ ಒಂದೇ ಅನ್ನಿಸೋ ನಿಯಮದಿಂದಲೇ ಒಂದು ಗುಂಪಿನವರು ಹೆಚ್ಚಾಗಿ ಹೊರಬೀಳೋದನ್ನು, ಗುರುತಿಸಿತು. ಆದರೆ ಅದು ಸಂವಿಧಾನದ ಸಮಾನತೆಯ ಮಾತು, ಸರ್ಕಾರವನ್ನು ಕಟ್ಟಿಹಾಕುತ್ತೆ. ಖಾಸಗಿ ಫ್ಯಾಕ್ಟರಿ ಗೇಟಿನ ತನಕ ಅಷ್ಟು ಸಲೀಸಾಗಿ ಬರೋದಿಲ್ಲ.