ಹೊರಡುವ ಮುನ್ನ ಸರತಿ ಸಾಲಿನ ಸುದ್ದಿ
2022ರ ಡಿಸೆಂಬರಿನಲ್ಲಿ ದೆಹಲಿ ವಿಮಾನ ನಿಲ್ದಾಣದ ಮೂರನೇ ಟರ್ಮಿನಲ್‌ನಲ್ಲಿ ನೂಕುನುಗ್ಗಲು ಉಂಟಾದಾಗ ಪ್ರಯಾಣಿಕರು ಸರತಿ ಸಾಲಿನ ಚಿತ್ರಗಳನ್ನು ಟ್ವಿಟರಿನಲ್ಲಿ ಹಾಕತೊಡಗಿದರು. ಆ ಬಳಿಕ ಪ್ರವೇಶದ್ವಾರಗಳಲ್ಲಿ ಕಾಯಬೇಕಾದ ಸಮಯವನ್ನು ತಿಳಿಸುವ ಫಲಕಗಳೂ ಜಾಲತಾಣದ ಪ್ರಕಟಣೆಗಳೂ ಬಂದವು. ಅಂದಿನಿಂದ ಬೆಂಗಳೂರಿನ ಜಯನಗರದಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೊರಡುವ ಮುನ್ನ ಮೊಬೈಲ್ ನೋಡುವುದು ನನಗೆ ರೂಢಿಯಾಗಿದೆ. ಚಿತ್ರಕ್ಕಿಂತ ಮೊದಲು ಅದನ್ನು ಹಾಕಿದ ಗಂಟೆಯನ್ನು ಓದುತ್ತೇನೆ: ಬೆಳಗಿನ ಐದೂವರೆಯ ಸಾಲು ಎಂಟಕ್ಕೆ ಕರಗಿರಬಹುದು, ಸಿಟ್ಟಿನಲ್ಲಿ ಹಾಕಿದ ಚಿತ್ರ ಮಾತ್ರ ಸಂಜೆಯವರೆಗೂ ಓಡಾಡುತ್ತಿರುತ್ತದೆ. ಡಿಜಿಯಾತ್ರಾ ಆ್ಯಪ್ ಇದ್ದರೆ ಪ್ರವೇಶದ್ವಾರದಲ್ಲಿ ಮುಖ ತೋರಿಸಿ ಬೇಗನೆ ಒಳಹೋಗಬಹುದು, ನಿಜ. ಆದರೆ ಬ್ಯಾಗನ್ನು ಟ್ರೇಯಲ್ಲಿಟ್ಟು, ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಸಿಬ್ಬಂದಿಯ ಮುಂದೆ ಎರಡೂ ಕೈ ಅಗಲಿಸಿ ನಿಲ್ಲುವ ತಪಾಸಣೆಯಿಂದ ಅದು ಯಾರನ್ನೂ ಪಾರುಮಾಡುವುದಿಲ್ಲ.